ಅಟ್ಟದ ಮೂಕಿ ರೀಲುಗಳಿಗೆ ಮನೆಯಲ್ಲೇ ಕಟ್ಟಿದ ಸ್ಕ್ಯಾನರ್

ಮೈಸೂರು ಚಾಮರಾಜಪುರಂನ ಒಂದು ಹಳೇ ಮನೆಯ ಅಟ್ಟದಲ್ಲಿ ಆರು ಪುಟ್ಟ ಮೂಕಿ ರೀಲುಗಳು ಸಿಕ್ಕಿದವು. ಅವುಗಳಲ್ಲಿ ಐದನ್ನು ಒಂದೊಂದೇ ಫ್ರೇಮ್ ಹಿಡಿದು ಸ್ಕ್ಯಾನ್ ಮಾಡಿ ಮುಗಿಸಿದ್ದೇನೆ. ಆರನೆಯದು ಇನ್ನೂ ಬಿಚ್ಚಿಕೊಂಡಿಲ್ಲ. ಸ್ಕ್ಯಾನರನ್ನು ಮನೆಯಲ್ಲೇ ಕಟ್ಟಿದೆ. ಅಳತೆ ಎಷ್ಟು, ಖರ್ಚು ಎಷ್ಟು, ಯಾವುದು ಕೈಕೊಟ್ಟಿತು, ಯಾವುದು ನಡೆಯಿತು ಅನ್ನುವುದನ್ನೆಲ್ಲ ಕ್ರಮವಾಗಿ ಬರೆದಿಡುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆಯ ಹಳೇ ಮನೆಗಳಲ್ಲಿ ಇಂಥ ಡಬ್ಬಿಗಳು ಇನ್ನೂ ಇರಬಹುದು. ಸಿಕ್ಕಿದವರು ಅದನ್ನು ಗುಜರಿಗೆ ಹಾಕುವ ಮೊದಲು, ಆಸೆ ತಡೆಯಲಾರದೆ ಪ್ರೊಜೆಕ್ಟರಿಗೆ ಏರಿಸುವ ಮೊದಲು, ಇದನ್ನು ಒಮ್ಮೆ ಓದಿದರೆ ನನಗೆ ಅಷ್ಟೇ ಸಾಕು.

ಹಂತ 1 (ಜೂನ್): ಇದು ಯಾವ ಫಿಲ್ಮ್?

ರೀಲುಗಳು ನನ್ನ ಗೆಳೆಯನ ದೊಡ್ಡಪ್ಪನ ಮನೆಯವು. ಹೆಂಚು ಬದಲಿಸಲು ಅಟ್ಟ ಖಾಲಿ ಮಾಡುವಾಗ ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಅಂಗೈಗಿಂತ ಚಿಕ್ಕದಾದ, ಕಪ್ಪು ಬಣ್ಣದ, ದುಂಡನೆಯ ಲೋಹದ ಡಬ್ಬಿಗಳು. ಪ್ರತಿಯೊಂದರ ಪಕ್ಕದ ಸೀಳಿನಿಂದ ಫಿಲ್ಮಿನ ತುದಿ ಇಣುಕುತ್ತಿತ್ತು. ಜೊತೆಗೆ ಕೈಯಲ್ಲಿ ತಿರುಗಿಸುವ ಪುಟ್ಟ ಪ್ರೊಜೆಕ್ಟರ್.

ಹಳೇ ಫಿಲ್ಮ್ ಸಿಕ್ಕಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ನೈಟ್ರೇಟಾ, ಅಂದರೆ ತಟ್ಟನೆ ಹೊತ್ತಿಕೊಳ್ಳುವ ಹಳೇ ಬಗೆಯ ಫಿಲ್ಮಾ? 1950ರ ಸುಮಾರಿನವರೆಗೂ ಸಿನಿಮಾ ಮಂದಿರಗಳ 35 ಮಿಮೀ ಫಿಲ್ಮ್ ಬಹುಪಾಲು ನೈಟ್ರೇಟ್. ಅದಕ್ಕೆ ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ 1916ರಲ್ಲಿ ಟೊರಾಂಟೊದಲ್ಲಿ ಕೂತು ಉತ್ತರ ಧ್ರುವದ ಕಡೆ ತೆಗೆದ ಚಿತ್ರವನ್ನು ಜೋಡಿಸುತ್ತಿದ್ದರು. ಒಂದು ಸಿಗರೇಟಿನ ಕಿಡಿ ಬಿದ್ದು 30,000 ಅಡಿ ನೆಗೆಟಿವ್ ಸುಟ್ಟುಹೋಯಿತು. ಅದೇ ಫ್ಲಾಹರ್ಟಿ ಆಮೇಲೆ ಆನೆಗಳ ಚಿತ್ರ ತೆಗೆಯಲು ನಮ್ಮ ಮೈಸೂರಿಗೇ ಬಂದರು. ಕಾರಾಪುರದ ಮಾವುತನ ಮಗ ಸಾಬು ಜಗತ್ತಿಗೆ ಗೊತ್ತಾಗಿದ್ದು ಆ ಚಿತ್ರದಿಂದ.

ನಮಗೆ ಸಿಕ್ಕಿದ್ದು ನೈಟ್ರೇಟ್ ಅಲ್ಲ. ಅದು ಗೊತ್ತಾಗಿದ್ದು ವರ್ನಿಯರ್ ಕ್ಯಾಲಿಪರ್‌ನಿಂದ. ಫಿಲ್ಮಿನ ಅಗಲ 9.5 ಮಿಮೀ. ಅಂಚಿನಲ್ಲಿ ತೂತುಗಳಿಲ್ಲ. ಎರಡು ಫ್ರೇಮ್‌ಗಳ ಮಧ್ಯೆ, ಫಿಲ್ಮಿನ ನಟ್ಟನಡುವೆ, ಅಡ್ಡಕ್ಕೆ ಒಂದೇ ತೂತು. ಈ ಲಕ್ಷಣ ಕಂಡರೆ ಬೇರೆ ಗುರುತೇ ಬೇಡ. ಇದು ಫ್ರಾನ್ಸಿನ ಪಾಥೆ ಕಂಪನಿ 1922ರ ಡಿಸೆಂಬರಿನಲ್ಲಿ ಮನೆಬಳಕೆಗೆ ಬಿಟ್ಟ 'ಪಾಥೆ ಬೇಬಿ'. ಮನೆಯೊಳಗೆ ಮಕ್ಕಳ ಮುಂದೆ ಓಡಿಸುವ ಫಿಲ್ಮ್ ಆದ್ದರಿಂದ ಮೊದಲಿಂದಲೂ ಇದನ್ನು ಸುಲಭಕ್ಕೆ ಹೊತ್ತಿಕೊಳ್ಳದ ಅಸಿಟೇಟ್ ಮೇಲೆ ಮಾಡಿದರು. ಒಂದು ಚಿಕ್ಕ ಡಬ್ಬಿಯಲ್ಲಿ ಸುಮಾರು 30 ಅಡಿ. ಅಂದರೆ ಹತ್ತಿರ ಹತ್ತಿರ 1200 ಫ್ರೇಮ್.

"ಒಂದ್ಸಲ ಗೋಡೆ ಮೇಲೆ ಬಿಟ್ಟು ನೋಡೋಣ ಕಣಪ್ಪ, ಮಿಷನ್ನೂ ಇದೆಯಲ್ಲ" ಅಂದರು ದೊಡ್ಡಪ್ಪ.

"ಬೇಡಿ ದೊಡ್ಡಪ್ಪ, ಸ್ವಲ್ಪ ತಡೀರಿ. ಒಂದ್ಸಲ ನೋಡೋಕೆ ಹೋಗಿ ಹರಿದರೆ ಮತ್ತೆ ಸಿಗಲ್ಲ" ಅಂದೆ. ಅವರು ಒಪ್ಪಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಇಷ್ಟು ಸಣ್ಣ ಫಿಲ್ಮಿಗೆ ಇಷ್ಟೊಂದು ಕಾಳಜಿ ಯಾಕೆ ಅಂತ ಕೆಲವರು ಕೇಳಿದರು. ಫ್ರಾನ್ಸಿನ ನಿರ್ದೇಶಕ ಅಬೆಲ್ ಗಾನ್ಸ್ ಅವರ 1927ರ ಮೂಕಿ 'ನೆಪೋಲಿಯನ್' ಚಿತ್ರವನ್ನು ಇವತ್ತು ಅಷ್ಟು ಉದ್ದಕ್ಕೆ ನೋಡಲು ಸಾಧ್ಯವಾಗಿರುವುದು ಬ್ರಿಟನ್ನಿನ ಸಿನಿಮಾ ಇತಿಹಾಸಕಾರ ಕೆವಿನ್ ಬ್ರೌನ್ಲೊ ಅವರ ದುಡಿಮೆಯಿಂದ. ಶಾಲಾ ಹುಡುಗನಾಗಿದ್ದಾಗ ಅವರ ಕೈಗೆ ಅದರ ತುಣುಕು ಸಿಕ್ಕಿದ್ದು ಇದೇ 9.5 ಮಿಮೀ ರೂಪದಲ್ಲಿ. ಅಲ್ಲಿಂದ ಶುರುವಾದ ಹುಡುಕಾಟ ದಶಕಗಟ್ಟಲೆ ನಡೆಯಿತು. ಜರ್ಮನಿಯ ಮೂಕಿ 'ಮೆಟ್ರೊಪೊಲಿಸ್' ಚಿತ್ರದ ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಸಿಕ್ಕಿದ್ದು ಬ್ಯೂನಸ್ ಐರಿಸ್‌ನಲ್ಲಿ, ಗೀರು ತುಂಬಿದ 16 ಮಿಮೀ ಪ್ರತಿಯಲ್ಲಿ. ನಮ್ಮ ದೇಶದ 1919ರ 'ಬಿಲ್ವಮಂಗಲ' ಉಳಿದಿರುವುದು 594 ಮೀಟರ್ ಮಾತ್ರ. ಅದೂ ಪ್ಯಾರಿಸ್‌ನಲ್ಲಿತ್ತು. ಅದರ ಡಿಜಿಟಲ್ ಪ್ರತಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬಂದಿದ್ದು 2016ರಲ್ಲಿ.

ಕನ್ನಡಿಗರೂ ಮೂಕಿ ಕಾಲದಲ್ಲಿ ಸುಮ್ಮನೆ ಕೂತಿರಲಿಲ್ಲ. ಗುಬ್ಬಿ ವೀರಣ್ಣನವರು ಮೂಕಿ ಚಿತ್ರ ತೆಗೆಸಿದರು. ಮೋಹನ್ ಭವನಾನಿ ಅವರ 'ಮೃಚ್ಛಕಟಿಕ'ದಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದರು. ಮೂಕಿ ಹಾಗಿರಲಿ, 1934ರ ಮಾರ್ಚ್ 3ರಂದು ಬಿಡುಗಡೆಯಾದ ನಮ್ಮ ಮೊದಲ ಟಾಕಿ 'ಸತಿ ಸುಲೋಚನ'ದ ಪ್ರಿಂಟೇ ಇವತ್ತು ಇಲ್ಲ. ಹಳೇ ಫಿಲ್ಮನ್ನು ಬೆಳ್ಳಿ ತೆಗೆಯಲು ತೂಕಕ್ಕೆ ಹಾಕಿದ ದೇಶ ಇದು. ಆದ್ದರಿಂದ ಅಟ್ಟದಲ್ಲಿ ಸಿಕ್ಕಿದ್ದು ಎಷ್ಟೇ ಚಿಕ್ಕದಾಗಿರಲಿ, ಏನಿದೆ ಅಂತ ನೋಡದೆ ಬಿಡುವ ಹಾಗಿಲ್ಲ.

ಹಂತ 2: ವಾಸನೆ ಮತ್ತು ಕುಗ್ಗುವಿಕೆ

ಅಸಿಟೇಟಿಗೆ ಬೆಂಕಿಯ ಭಯ ಇಲ್ಲ, ಬೇರೆ ಕಾಯಿಲೆ ಇದೆ. ಸೆಖೆ, ತೇವದಲ್ಲಿ ಅದು ಒಳಗೇ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಮತ್ತಷ್ಟು ಫಿಲ್ಮನ್ನು ಒಡೆಯುತ್ತದೆ. ಡಬ್ಬಿ ತೆಗೆದ ಕೂಡಲೇ ವಿನೆಗರ್ ವಾಸನೆ ಹೊಡೆದರೆ ರೋಗ ಶುರುವಾಗಿದೆ ಅಂತ ಅರ್ಥ. ಇದನ್ನು ನಿಧಾನ ಮಾಡಬಹುದು, ಗುಣ ಮಾಡಲು ಆಗುವುದಿಲ್ಲ. ಜೊತೆಗಿರುವ ಒಳ್ಳೆಯ ರೀಲುಗಳಿಗೂ ಆ ಗಾಳಿಯಿಂದ ತೊಂದರೆ. ಒಂದೇ ಒಂದು ಡಬ್ಬಿಯಲ್ಲಿ ಈ ವಾಸನೆ ಇತ್ತು. ಅದನ್ನು ಅವತ್ತೇ ಬೇರೆ ಕೋಣೆಗೆ ಹಾಕಿದೆ. ಉಳಿದ ಐದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಮಳೆಗಾಲದ ಮೈಸೂರಿನಲ್ಲಿ ಇಷ್ಟಾದರೂ ಬೇಕೇ ಬೇಕು.

ಎಷ್ಟು ಕುಗ್ಗಿದೆ ಅಂತ ನೋಡಲು 100 ಫ್ರೇಮ್ ಎಣಿಸಿ, ಎಳೆಯದೆ, ಮೇಜಿನ ಮೇಲೆ ಹಾಸಿ ಸ್ಟೀಲ್ ಅಳತೆಪಟ್ಟಿ ಇಟ್ಟೆ. ಹೊಸದರಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ 7.54 ಮಿಮೀ, ಅಂದರೆ 100ಕ್ಕೆ 754 ಮಿಮೀ ಇರಬೇಕು. ಬಂದಿದ್ದು 746. ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಮುಂದೆ ಕಟ್ಟಿದ ಮಿಷನ್ನಿನ ಪ್ರತಿ ಭಾಗವನ್ನೂ ಈ 8 ಮಿಲಿಮೀಟರೇ ತೀರ್ಮಾನ ಮಾಡಿತು.

ಹಂತ 3: ಕೈಕೊಟ್ಟ ದಾರಿಗಳು

ಜೊತೆಗೇ ಸಿಕ್ಕ ಪ್ರೊಜೆಕ್ಟರ್. ಅದರ ಒಳಗೊಂದು ಉಗುರು ಇದೆ. ಫಿಲ್ಮಿನ ಮಧ್ಯದ ತೂತಿಗೆ ಸಿಕ್ಕಿಸಿ, ಎಳೆದು, ಹೊರಬಂದು, ಮತ್ತೆ ಮುಂದಿನ ತೂತಿಗೆ ಸಿಕ್ಕಿಸುವುದು ಅದರ ಕೆಲಸ. ಫಿಲ್ಮ್ ಕುಗ್ಗಿದ್ದರೆ ಉಗುರು ಬೀಳುವ ಕಡೆ ತೂತು ಇರುವುದಿಲ್ಲ. ಆಗ ಅದು ಗೀರುವುದು ಚಿತ್ರದ ಮಧ್ಯಕ್ಕೇ, ಮುಖ ಇರುವ ಜಾಗಕ್ಕೇ. 9.5 ಮಿಮೀ ಹಳೇ ಪ್ರತಿಗಳಲ್ಲಿ ಮಧ್ಯದಲ್ಲಿ ಕಾಣುವ ಗಾಯಗಳು ಬಹುಪಾಲು ಹೀಗೆ ಆದವು. ಚಿತ್ರವಿಲ್ಲದ ಖಾಲಿ ತುದಿಯನ್ನಷ್ಟೇ ಹಾಕಿ ಒಂದು ಸುತ್ತು ತಿರುಗಿಸಿದೆ. ಉಗುರು ತೂತಿನ ಅಂಚನ್ನು ತಳ್ಳಿ ಫಿಲ್ಮನ್ನು ಉಬ್ಬಿಸಿತು. ಅಲ್ಲಿಗೇ ಪ್ರೊಜೆಕ್ಟರನ್ನು ಬಟ್ಟೆ ಸುತ್ತಿ ಎತ್ತಿಟ್ಟೆ.

ಫೋಟೋ ಸ್ಕ್ಯಾನರ್. ತುಂಡು ತುಂಡಾಗಿ ಗಾಜಿನ ಮೇಲೆ ಹಾಸಿ ನೋಡಿದೆ. ಫಿಲ್ಮ್ ಗಾಜಿಗೆ ಅಂಟಿದ ಕಡೆಯಲ್ಲೆಲ್ಲ ಬಣ್ಣಬಣ್ಣದ ಉಂಗುರಗಳು ಬಂದವು. 1200 ಫ್ರೇಮ್‌ಗೆ ಇದು ಆಗುವ ಮಾತೂ ಅಲ್ಲ.

ಹಲ್ಲಿನ ಚಕ್ರ. 3ಡಿ ಪ್ರಿಂಟಿಂಗ್ ಮಾಡುವವರಲ್ಲಿ 450 ರೂಪಾಯಿಗೆ ಮಾಡಿಸಿದೆ. ಹಲ್ಲಿಗೂ ಹಲ್ಲಿಗೂ 7.54 ಮಿಮೀ, ಪುಸ್ತಕದ ಅಳತೆ. ಮೊದಲ ಎರಡು ಹಲ್ಲು ಸರಿಯಾಗಿ ಕೂತವು, ಆಮೇಲಿನವು ತೂತಿನ ಅಂಚಿಗೆ ಹತ್ತಿ ಫಿಲ್ಮನ್ನು ಮೇಲೆತ್ತಿದವು. ಕುಗ್ಗಿದ ಅಳತೆಗೆ ತಕ್ಕಂತೆ 7.46ಕ್ಕೆ ಇನ್ನೊಂದು ಮಾಡಿಸಬಹುದಿತ್ತು. ಆದರೆ ಎರಡನೇ ರೀಲಿನ ಕುಗ್ಗುವಿಕೆ ಮೊದಲನೆಯದಕ್ಕಿಂತ ಕಡಿಮೆ ಇತ್ತು. ರೀಲಿಗೊಂದು ಚಕ್ರ ಮಾಡಿಸುವುದು ಸಾಧ್ಯವೇ? ಹಲ್ಲೇ ಬೇಡ ಅಂತ ತೀರ್ಮಾನಿಸಿದೆ.

ಹಂತ 4 (ಜುಲೈ): ಹಲ್ಲಿಲ್ಲದ ರೋಲರ್

ಫಿಲ್ಮನ್ನು ತೂತು ಹಿಡಿದು ಎಳೆಯುವ ಬದಲು ರಬ್ಬರಿನ ಮೈಯ ರೋಲರಿನಿಂದ ಮೆತ್ತಗೆ ಜಾರಿಸುವುದು. ತೂತು ಎಲ್ಲಿದೆ ಅಂತ ಕ್ಯಾಮೆರಾ ನೋಡಿ ಹೇಳುತ್ತದೆ, ಮೋಟರು ಅದಕ್ಕೆ ತಕ್ಕಂತೆ ತಿರುಗುತ್ತದೆ.

ಲೆಕ್ಕ ಚೆನ್ನಾಗಿ ಕೂಡಿಬಂತು. 24 ಮಿಮೀ ವ್ಯಾಸದ ರೋಲರಿನ ಸುತ್ತಳತೆ 75.4 ಮಿಮೀ, ಅಂದರೆ ಸರಿಯಾಗಿ ಹತ್ತು ಫ್ರೇಮ್. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 3200 ಸಣ್ಣ ಹೆಜ್ಜೆ ಇಡುವಂತೆ ಅದಕ್ಕೆ ಕರೆಂಟ್ ಕೊಟ್ಟು ನಡೆಸುವ ಸರ್ಕ್ಯೂಟನ್ನು, ಅಂದರೆ ಡ್ರೈವರನ್ನು ಹೊಂದಿಸಿದರೆ ಒಂದು ಫ್ರೇಮಿಗೆ 320 ಹೆಜ್ಜೆ. ಫಿಲ್ಮಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು, ರಬ್ಬರ್ ಸೇರಿ 23.9 ಮಿಮೀ ಇರಲಿ ಅಂತ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್‌ನವರಿಗೆ ಹೇಳಿದೆ. ಅಲ್ಯುಮಿನಿಯಂ ರೋಲರಿಗೆ 700 ರೂಪಾಯಿ. ಮೇಲೆ ತೊಡಿಸಿದ್ದು ಬಿಸಿಗೆ ಬಿಗಿಯಾಗುವ ರಬ್ಬರ್ ತೋಳು.

ಸುತ್ತಿಕೊಳ್ಳುವ ಕಡೆ ಇನ್ನೊಂದು ಮೋಟರ್. ಅದರ ಎಳೆತ ತುಂಬಾ ಕಡಿಮೆ ಇರಬೇಕು. ಫಿಲ್ಮ್ ಸಡಿಲವಾಗದಷ್ಟು ಸಾಕು. ಡ್ರೈವರಿನ ಕರೆಂಟ್ ಇಳಿಸುತ್ತಾ ಹೋಗಿ, ಬೆರಳಲ್ಲಿ ಹಿಡಿದರೆ ಮೋಟರ್ ನಿಂತುಬಿಡುವ ಮಟ್ಟಕ್ಕೆ ತಂದೆ. ಎಲ್ಲಾದರೂ ಸಿಕ್ಕಿಕೊಂಡರೆ ನಿಲ್ಲಬೇಕಾದ್ದು ಮೋಟರು, ಹರಿಯಬೇಕಾದ್ದು ಫಿಲ್ಮಲ್ಲ.

ಹಂತ 5: ಗೇಟ್

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಕ್ಯಾಮೆರಾದ ಮುಂದೆ ಫಿಲ್ಮ್ ಚಪ್ಪಟೆಯಾಗಿ ಹಾದುಹೋಗುವ ಕಿಂಡಿಗೆ ಗೇಟ್ ಅನ್ನುತ್ತಾರೆ. ಚಿತ್ರ ಇರುವ ಭಾಗ ಯಾವುದಕ್ಕೂ ತಗುಲಬಾರದು. ಅಂಚು ಮಾತ್ರ ಹಳಿಯ ಮೇಲೆ ಕೂರಬೇಕು. ಆದರೆ 9.5 ಮಿಮೀ ಫಿಲ್ಮಿನಲ್ಲಿ ಚಿತ್ರವೇ 8.5 ಮಿಮೀ ಅಗಲ. ಒಂದೊಂದು ಕಡೆ ಉಳಿಯುವುದು ಅರ್ಧ ಮಿಲಿಮೀಟರ್. ಅಷ್ಟು ಸಣ್ಣ ಅಂಚಿನ ಮೇಲೆ ಫಿಲ್ಮ್ ಕೂರಬೇಕು, ಜಾರಬೇಕು, ಗೀರಬಾರದು.

ಮೊದಲು 3ಡಿ ಪ್ರಿಂಟಿನಲ್ಲೇ ನೋಡಿದೆ. ಪ್ಲಾಸ್ಟಿಕ್ಕಿನ ಪದರಗಳ ಏಣು ಉಗುರಿಗೇ ಗೊತ್ತಾಗುವಷ್ಟಿತ್ತು. ಎಷ್ಟು ಉಜ್ಜಿದರೂ ಅರ್ಧ ಮಿಲಿಮೀಟರಿನ ಹಳಿ ಉಳಿಯಲಿಲ್ಲ. ಲೇತ್‌ನವರು ಇಷ್ಟು ಸಣ್ಣದು ತಮ್ಮಿಂದ ಆಗಲ್ಲ ಅಂದರು.

ಆಗ ನೆನಪಾಗಿದ್ದು ಮಂಡಿ ಮೊಹಲ್ಲಾದ ಇನ್ಲೇ ಕೆಲಸದವರು. ಬೀಟೆ ಮರದ ಹಲಗೆಯಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ತೆಂಗಿನ ಮರ, ದಸರಾ ಮೆರವಣಿಗೆ ಮಾಡುತ್ತಾರಲ್ಲ, ಅವರು. ಅಲ್ಲಿನ ಹಿರಿಯ ಕುಶಲಕರ್ಮಿಯೊಬ್ಬರ ಮುಂದೆ ನಕ್ಷೆ ಇಟ್ಟೆ.

"ಇದು ಏನಕ್ಕೆ ಸಾರ್?"

"ನೂರು ವರ್ಷದ ಹತ್ತಿರದ ಸಿನಿಮಾ ರೀಲು. ಇದರ ಮೇಲೆ ಜಾರಿಸಬೇಕು. ಈ ಅಂಚು ಅರ್ಧ ಮಿಲಿಮೀಟರ್ ದಾಟಬಾರದು."

ಅವರು ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಆನೆಗೆ ಕಣ್ಣು ಕೂರಿಸೋದು ಇದಕ್ಕಿಂತ ಸಣ್ಣ ಕೆಲಸ. ಹಿತ್ತಾಳೆ ತಗಡು ನೀವೇ ತನ್ನಿ."

2 ಮಿಮೀ ದಪ್ಪದ ಹಿತ್ತಾಳೆ ತಗಡು ತಂದುಕೊಟ್ಟೆ. ಕೂದಲೆಳೆಯ ಅಲಗಿನ ಕೈಗರಗಸದಲ್ಲಿ ಅವರು ಕಿಂಡಿ ಕೊಯ್ದ ರೀತಿಯನ್ನು ಪಕ್ಕದಲ್ಲೇ ನಿಂತು ನೋಡಿದೆ. ಗರಗಸ ಒಂದೇ ಕಡೆ ಮೇಲೆ ಕೆಳಗೆ ಆಡುತ್ತದೆ, ತಿರುಗುವುದು ತಗಡು. ಗೆರೆಯ ಒಳಗಡೆಯೇ ಕೊಯ್ದು, ಉಳಿದ ಚೂರನ್ನು ಅರದಲ್ಲಿ ಸವೆಸಿ, ಪದೇ ಪದೇ ನಾನು ಕೊಟ್ಟ ಖಾಲಿ ಫಿಲ್ಮಿನ ತುಂಡನ್ನು ಇಟ್ಟು ನೋಡುತ್ತಿದ್ದರು. ಕ್ಯಾಲಿಪರ್ ಮುಟ್ಟಲೇ ಇಲ್ಲ. ಮನೆಗೆ ಬಂದು ಅಳೆದರೆ ಕಿಂಡಿಯ ಅಗಲ 8.7 ಮಿಮೀ, ಹಳಿ ಎರಡೂ ಕಡೆ 0.4. ಎತ್ತರ 9 ಮಿಮೀ ಇಡಿಸಿದ್ದೆ, ಒಂದು ಫ್ರೇಮಿನ ಜೊತೆ ಅದರ ಮೇಲಿನ ಕೆಳಗಿನ ತೂತು ಎರಡೂ ಕಾಣಲಿ ಅಂತ. ಕೊನೆಗೆ ಹಳಿಯನ್ನು ಬಟ್ಟೆಯಲ್ಲಿ ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜಿ ಕೊಟ್ಟರು. ತಗಡೂ ಸೇರಿ 900 ರೂಪಾಯಿ ಆಯಿತು. ಆ ಕೆಲಸಕ್ಕೆ ಅದು ಕಡಿಮೆಯೇ. ಈ ಸ್ಕ್ಯಾನರಿನಲ್ಲಿ ಯಾವ ಭಾಗ ನೋಡಿ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ.

ಹಂತ 6: ಲೆನ್ಸ್ ಮತ್ತು ಬೆಳಕು

ಕ್ಯಾಮೆರಾ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೆ ಸಿಕ್ಕಿಸುವ 12 ಮೆಗಾಪಿಕ್ಸೆಲ್ 'ಹೆಚ್‌ಕ್ಯೂ'. ಲೆನ್ಸ್ ಮಾತ್ರ ಹಳೆಯದು. ಮುಚ್ಚಿಹೋದ ಒಂದು ಫೋಟೋ ಸ್ಟುಡಿಯೋದವರಿಂದ 1500 ರೂಪಾಯಿಗೆ ಕೊಂಡ 50 ಮಿಮೀ ಎನ್ಲಾರ್ಜರ್ ಲೆನ್ಸ್, ನೆಗೆಟಿವ್‌ನಿಂದ ದೊಡ್ಡ ಫೋಟೋ ಮಾಡಲು ಬಳಸುತ್ತಿದ್ದದ್ದು. ಚಪ್ಪಟೆ ವಸ್ತುವನ್ನು ಹತ್ತಿರದಿಂದ, ಅಂಚಿನವರೆಗೂ ಚೊಕ್ಕವಾಗಿ ತೋರಿಸಲೆಂದೇ ಮಾಡಿದ ಲೆನ್ಸ್ ಅದು. ಇದಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಲೆನ್ಸಿನಿಂದ ಸೆನ್ಸರಿಗೆ ಸುಮಾರು 78 ಮಿಮೀ, ಫಿಲ್ಮಿಗೆ ಸುಮಾರು 140 ಮಿಮೀ ಇಟ್ಟರೆ ಫಿಲ್ಮಿನ ಪೂರ್ತಿ ಅಗಲ ಕ್ಯಾಮೆರಾದ ಚೌಕಟ್ಟಿನೊಳಗೆ ಬರುತ್ತದೆ. ಚಿತ್ರದ ಭಾಗಕ್ಕೇ 3000 ಪಿಕ್ಸೆಲ್ ಅಗಲ ಸಿಗುತ್ತದೆ. ಅಪರ್ಚರ್ 5.6.

ಬೆಳಕು ತಲೆನೋವು ಕೊಟ್ಟಿತು. 180 ರೂಪಾಯಿಯ ಎಲ್‌ಇಡಿ ಪಟ್ಟಿ, ಅದಕ್ಕೊಂದು ಡಿಮ್ಮರ್ ಹಾಕಿದ್ದೆ. ಕಣ್ಣಿಗೆ ಬೆಳಕು ಸ್ಥಿರವಾಗೇ ಇತ್ತು. ಸ್ಕ್ಯಾನ್ ಮಾಡಿದ ಫ್ರೇಮ್‌ಗಳನ್ನು ಓಡಿಸಿ ನೋಡಿದರೆ ಒಂದು ಕಪ್ಪು, ಒಂದು ಬಿಳುಪು, ಮಿಣುಕು ಮಿಣುಕು. ಅಂಥ ಡಿಮ್ಮರ್ ಬೆಳಕನ್ನು ಕಮ್ಮಿ ಮಾಡುವುದು ವೇಗವಾಗಿ ಆರಿಸಿ ಹೊತ್ತಿಸುವುದರಿಂದ. ಡಿಮ್ಮರ್ ಕಿತ್ತುಹಾಕಿ, ಒಂದೇ ಸಮ ಕರೆಂಟ್ ಕೊಡುವ ಡ್ರೈವರ್ ಹಾಕಿ, ಮೇಲೆ ಹಾಲುಬಣ್ಣದ ಅಕ್ರಿಲಿಕ್ ತುಂಡು ಇಟ್ಟ ಮೇಲೆ ಸರಿಹೋಯಿತು.

ಹಂತ 7: ತೂತು ಹುಡುಕುವ ಪ್ರೋಗ್ರಾಮ್

ತೂತಿನ ಜಾಗದಲ್ಲಿ ಫಿಲ್ಮೇ ಇಲ್ಲ, ಆದ್ದರಿಂದ ಅಲ್ಲಿ ಬೆಳಕು ನೇರ ಬರುತ್ತದೆ. ಅತಿ ಬೆಳ್ಳಗಿರುವುದೇ ತೂತು ಅಂತ ಪೈಥಾನ್‌ನಲ್ಲಿ ಬರೆದೆ. ಬೇಸಿಗೆಯ ಆಕಾಶ ಬಂದ ದೃಶ್ಯದಲ್ಲಿ ಪ್ರೋಗ್ರಾಮ್ ಆಕಾಶವನ್ನೇ ತೂತು ಅಂದುಕೊಂಡು ರೋಲರನ್ನು ಹಿಂದೆ ಮುಂದೆ ಆಡಿಸಿತು. ಹುಡುಕುವ ಜಾಗವನ್ನು ಎರಡು ಫ್ರೇಮ್ ನಡುವಿನ ಪಟ್ಟಿಗೆ ಕಟ್ಟಿಹಾಕಿ, ಅಗಲ ಎತ್ತರ ಎರಡೂ ತೂತಿನಷ್ಟೇ ಇದ್ದರೆ ಮಾತ್ರ ಒಪ್ಪಿಕೋ ಅಂತ ಸೇರಿಸಿದೆ. ಪ್ರತಿ ಫ್ರೇಮಿನ ನಂತರ ತೂತು ಎಷ್ಟು ಸರಿದಿದೆ ನೋಡಿ ಮುಂದಿನ ಹೆಜ್ಜೆಗಳನ್ನು ತಿದ್ದಿಕೊಳ್ಳುತ್ತದೆ. ಕುಗ್ಗಿದ ರೀಲಿನಲ್ಲಿ 320ರ ಬದಲು 316, 317 ಹೆಜ್ಜೆ ಸಾಕಾಗುತ್ತಿತ್ತು. ಮೋಟರಿನ ಒಂದು ಹೆಜ್ಜೆ ಅಂದರೆ ಚಿತ್ರದಲ್ಲಿ ಎಂಟು ಪಿಕ್ಸೆಲ್. ಅದರೊಳಗಿನ ಅಲುಗಾಟವನ್ನು ಕೊನೆಯಲ್ಲಿ ಕಂಪ್ಯೂಟರೇ ಜೋಡಿಸುತ್ತದೆ.

ಹಂತ 8: ತೊಳೆಯುವುದು

ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಮೊದಲು ಖಾಲಿ ತುದಿಯಲ್ಲಿ ಒರೆಸಿ ನೋಡಿ, ಬಣ್ಣ ಬಿಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬಾರದು, ಫಿಲ್ಮ್ ಕರಗಿಹೋಗುತ್ತದೆ. ಬನಿಯನ್ ಬಟ್ಟೆ ನೂಲು ಬಿಡುತ್ತದೆ. ಕಿಟಕಿ ತೆಗೆದಿಟ್ಟು, ಒಲೆ ಉರಿಯದ ಕೋಣೆಯಲ್ಲಿ ಕೂತು ಮಾಡಿ.

ಹಂತ 9 (ಸೆಪ್ಟೆಂಬರ್): ಮೊದಲ ರೀಲು, ಮಾಯವಾದ ಅಕ್ಷರಗಳು

ಮೊದಲ ರೀಲು ಪಾಥೆಯವರೇ ಮಾರಿದ ಒಂದು ಪುಟ್ಟ ಹಾಸ್ಯ ಚಿತ್ರ. ಕಂಪನಿಯ ಹುಂಜದ ಗುರುತು ಇದೆ. ಒಂದು ಫ್ರೇಮಿಗೆ ಎರಡೂವರೆ ಸೆಕೆಂಡಿನಂತೆ ಮುಕ್ಕಾಲು ಗಂಟೆಗೂ ಜಾಸ್ತಿ ಹಿಡಿಯಿತು. ಕಚ್ಚಾ ಚಿತ್ರಗಳೇ 22 ಜಿಬಿ. ಓಡಿಸಿ ನೋಡಿದರೆ ಚಿತ್ರ ಸ್ಥಿರ, ಚೊಕ್ಕ. ಆದರೆ ಟೈಟಲ್ ಕಾರ್ಡುಗಳೇ ಇಲ್ಲ! ದೃಶ್ಯಗಳ ಮಧ್ಯೆ ಏನೋ ಬಿಳಿ ಮಿಂಚಿದಂತಾಗಿ ಹೋಗುತ್ತಿತ್ತು.

ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದಾಗ ಗೊತ್ತಾಯಿತು. ಪ್ರತಿ ಟೈಟಲ್ ಇರುವುದು ಎರಡು ಮೂರು ಫ್ರೇಮ್ ಮಾತ್ರ. ಮೂಕಿ ಚಿತ್ರದಲ್ಲಿ ಮಾತು ಬರುವುದೇ ಬರಹದಲ್ಲಿ. ಓದಲು ಕೆಲವು ಸೆಕೆಂಡು ಬೇಕು. ಸೆಕೆಂಡಿಗೆ 16 ಫ್ರೇಮ್ ಓಡುವಾಗ ನಾಲ್ಕು ಸೆಕೆಂಡಿನ ಟೈಟಲಿಗೆ 64 ಫ್ರೇಮ್ ಬೇಕು. 30 ಅಡಿಯ ಡಬ್ಬಿಯಲ್ಲಿ ಅಷ್ಟು ಫಿಲ್ಮ್ ಬರಹಕ್ಕೇ ಹೋದರೆ ಕಥೆಗೆ ಜಾಗ ಎಲ್ಲಿ? ಅದಕ್ಕೆ ಪಾಥೆಯವರು ಹೂಡಿದ ಉಪಾಯ ನನಗೆ ಈಗಲೂ ಬೆರಗು. ಟೈಟಲಿನ ಹತ್ತಿರ ಫಿಲ್ಮಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಪ್ರೊಜೆಕ್ಟರಿನೊಳಗಿನ ಸನ್ನೆಕೋಲು ಆ ಕಚ್ಚಿಗೆ ಬಿದ್ದ ಕೂಡಲೇ ಉಗುರು ಎಳೆಯುವುದನ್ನು ಬಿಡುತ್ತದೆ. ಕೈ ತಿರುಗಿಸುತ್ತಲೇ ಇದ್ದರೂ ಫಿಲ್ಮ್ ಮಾತ್ರ ನಿಂತಿರುತ್ತದೆ. ಕೆಲವು ಸೆಕೆಂಡಾದ ಮೇಲೆ ತಾನೇ ಮತ್ತೆ ಹೊರಡುತ್ತದೆ.

ಅಂದರೆ ಆ ಚಿತ್ರದ ಅರ್ಧ ಲಯ ಇರುವುದು ಫಿಲ್ಮಿನ ಮೇಲಿನ ಚಿತ್ರದಲ್ಲಲ್ಲ, ಅಂಚಿನ ಕಚ್ಚಿನಲ್ಲಿ. ನನ್ನ ಗೇಟಿನ ಹಿತ್ತಾಳೆ ಹಳಿ ಅದೇ ಅಂಚನ್ನು ಮುಚ್ಚುತ್ತದೆ. ಕ್ಯಾಮೆರಾಕ್ಕೆ ಕಚ್ಚು ಕಾಣುವುದಿಲ್ಲ. ಸದ್ಯಕ್ಕೆ ರೀಲನ್ನು ಬೆಳಕಿನ ಹಲಗೆಯ ಮೇಲೆ ಹಾಸಿ, ಭೂತಗನ್ನಡಿ ಹಿಡಿದು, ಕಚ್ಚು ಎಲ್ಲೆಲ್ಲಿದೆ ಅಂತ ಫ್ರೇಮ್ ಸಂಖ್ಯೆ ಬರೆದುಕೊಂಡೆ. ಆ ಪಟ್ಟಿ ನೋಡಿ ಪ್ರೋಗ್ರಾಮ್ ಆ ಟೈಟಲ್‌ಗಳನ್ನು ನಾಲ್ಕು ಸೆಕೆಂಡು ಹಿಡಿದಿಡುತ್ತದೆ. ಉದ್ದ ಬರಹಕ್ಕೆ ಒಂದರ ಹಿಂದೆ ಒಂದು ಎರಡು ಕಚ್ಚು ಹಾಕಿದ್ದಾರೆ, ಅಲ್ಲಿ ಎಂಟು ಸೆಕೆಂಡು. ಮುಕ್ಕಾಲು ನಿಮಿಷದಷ್ಟು ಹಿಗ್ಗಿದ ಮೇಲೆ ಅದು ಸಿನಿಮಾ ಆಯಿತು. ನಗು ಬರಬೇಕಾದಲ್ಲಿ ನಗು ಬಂತು.

ಹಂತ 10: ಬಣ್ಣ, ವೇಗ

ಮೂರನೇ ರೀಲಿನ ಫಿಲ್ಮ್ ಕಣ್ಣಿಗೆ ಜೇನಿನ ಬಣ್ಣ ಇತ್ತು. ಸ್ಕ್ಯಾನ್‌ನಲ್ಲಿ ಮಾಮೂಲಿ ಕಪ್ಪು ಬಿಳುಪು. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸುವ ವ್ಯವಸ್ಥೆ ಜೇನು ಬಣ್ಣವನ್ನು ದೋಷ ಅಂದುಕೊಂಡು ಅಳಿಸಿಹಾಕಿತ್ತು. ಮೂಕಿ ಕಾಲದಲ್ಲಿ ಬಣ್ಣ ಅದ್ದುವುದು ಚಿತ್ರ ತಯಾರಿಕೆಯದೇ ಭಾಗ. ರಾತ್ರಿಗೆ ನೀಲಿ, ದೀಪದ ಕೋಣೆಗೆ ಜೇನು ಬಣ್ಣ, ಬೆಂಕಿಗೆ ಕೆಂಪು. ಅದು ತೆಗೆದವರ ಮಾತು, ಅದನ್ನು ಅಳಿಸುವ ಹಕ್ಕು ನಮಗಿಲ್ಲ. ಫಿಲ್ಮ್ ಇಲ್ಲದ ಖಾಲಿ ಗೇಟಿನ ಬೆಳಕಿಗೆ ಬಿಳಿ ಹೊಂದಿಸಿ, ಆ ಅಂಕಿಗಳನ್ನು ಬೀಗ ಹಾಕಿ, ಮೂರನೆಯದನ್ನು ಮತ್ತೆ ಮೊದಲಿಂದ ಸ್ಕ್ಯಾನ್ ಮಾಡಿದೆ. ಆಟೋ ಅನ್ನುವುದೆಲ್ಲವನ್ನೂ ಆರಿಸಿಡಿ. ಎಕ್ಸ್‌ಪೋಷರ್ ಕೂಡ.

ಐದನೆಯದು ಅಂಗಡಿಯ ಚಿತ್ರ ಅಲ್ಲ. ಮನೆಯವರೇ ಯಾರೋ ತೆಗೆದದ್ದು. ಅಂಗಳ, ಬಾವಿ, ಜಟಕಾ, ಒಬ್ಬ ಹುಡುಗ, ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡು ಒಳಗೆ ಹೋಗುವ ಹೆಂಗಸು. ಆ ಕಾಲದ ಕ್ಯಾಮೆರಾ ಕೈಯಲ್ಲಿ ತಿರುಗಿಸಬೇಕಾದ್ದು. ಸೆಕೆಂಡಿಗೆ ಎರಡು ಸುತ್ತು, ಸುತ್ತಿಗೆ ಎಂಟು ಫ್ರೇಮ್, ಒಟ್ಟು 16. ಮೂಕಿ ಚಿತ್ರಗಳಲ್ಲಿ ಜನ ಓಡೋಡಿ ನಡೆಯುತ್ತಾರೆ ಅಂತ ನಾವೆಲ್ಲ ನಂಬಿದ್ದೇವಲ್ವಾ? ಅದು ಟಾಕಿಯ 24ರ ವೇಗದಲ್ಲಿ ಅವನ್ನು ಓಡಿಸಿದ್ದರ ಫಲ. ಈ ರೀಲನ್ನೂ 24ರಲ್ಲಿ ಹಾಕಿ ನೋಡಿದೆ. ಬಾವಿಯಿಂದ ಸೇದಿದ ನೀರು ಬಿಂದಿಗೆಗೆ ಬೀಳುವ ರೀತಿಯೇ ಸುಳ್ಳಾಗಿ ಕಂಡಿತು. 16ಕ್ಕೆ ಇಳಿಸಿದೆ. ನೀರು ನೀರಾಯಿತು, ನಡಿಗೆ ನಡಿಗೆಯಾಯಿತು.

ಜಟಕಾ ಬರುವ ಜಾಗದಲ್ಲಿ ಮಾತ್ರ ಚಿತ್ರ ತಟ್ಟನೆ ಬೆಳ್ಳಗಾಗಿ, ಕುದುರೆ ವೇಗವಾಗಿ ಓಡುತ್ತದೆ. ಯಂತ್ರದ ತಪ್ಪು ಅಂತ ಬೆಳಕನ್ನು ಮತ್ತೆ ಪರೀಕ್ಷಿಸಿದೆ. ಬೆಳಕು ಸರಿಯಾಗಿತ್ತು. ತೆಗೆದವರು ಜಟಕಾ ನೋಡುತ್ತಾ ಕೈ ನಿಧಾನ ಮಾಡಿದ್ದಾರೆ. ಕೈ ನಿಧಾನವಾದರೆ ಪ್ರತಿ ಫ್ರೇಮಿಗೂ ಜಾಸ್ತಿ ಬೆಳಕು ಬೀಳುತ್ತದೆ, ಫ್ರೇಮ್‌ಗಳು ಕಮ್ಮಿಯಾಗುತ್ತವೆ. ಅದನ್ನು ತಿದ್ದಲು ಸಾಫ್ಟ್‌ವೇರಿನಲ್ಲಿ ದಾರಿ ಇದೆ. ನಾನು ತಿದ್ದಲಿಲ್ಲ. ಆ ಕೈ ಯಾರದೆಂದು ದೊಡ್ಡಪ್ಪನಿಗೂ ಗೊತ್ತಿಲ್ಲ. ಅವರ ಗುರುತಾಗಿ ಉಳಿದಿರುವುದು ಅದೊಂದೇ.

ಖರ್ಚು

ರಾಸ್ಪ್‌ಬೆರಿ ಪೈ 5600, ಕ್ಯಾಮೆರಾ 5200. ಎರಡು ಮೋಟರ್ 1400, ಡ್ರೈವರ್‌ಗಳು 600, 12 ವೋಲ್ಟ್ ಸಪ್ಲೈ 450. ಲೆನ್ಸ್ 1500, ಅದರ ಉಂಗುರ ಮತ್ತು ಕೊಳವೆಗಳು 1100. ಬೆಳಕು 350. ರೋಲರ್ 700, ಗೇಟ್ 900, ಬೇರಿಂಗ್ 320, ಪ್ಲೈವುಡ್ಡು ಸ್ಕ್ರೂ ಇತ್ಯಾದಿ 600, ಆಲ್ಕೊಹಾಲ್ 400. ಇವು ಸೇರಿ 19,120. ಕೈಕೊಟ್ಟ ಹಲ್ಲಿನ ಚಕ್ರ 450, ಎಲ್‌ಇಡಿ ಪಟ್ಟಿ 180. ಒಟ್ಟು 19,750 ರೂಪಾಯಿ. ಎಲ್ಲಿ ಉಳಿಸಿದರೂ ಗೇಟಿನಲ್ಲಿ ಉಳಿಸಬೇಡಿ.

ಬಾಕಿ ಇರುವುದು

ಸ್ಕ್ಯಾನ್ ಆಯಿತು ಅಂತ ಫಿಲ್ಮನ್ನು ಎಸೆಯುವ ಹಾಗಿಲ್ಲ. ಹಾರ್ಡ್ ಡಿಸ್ಕ್ ಎಷ್ಟು ವರ್ಷ ಬಾಳುತ್ತದೋ ಯಾರು ಬಲ್ಲರು. ಈ ಫಿಲ್ಮ್ ಆಗಲೇ ಅಷ್ಟು ಕಾಲ ಬಾಳಿದೆ. ಐದೂ ರೀಲು ತಮ್ಮ ಡಬ್ಬಿಗಳಲ್ಲೇ, ಸಿಲಿಕಾ ಜೆಲ್ ಜೊತೆ, ದೊಡ್ಡಪ್ಪನ ಮನೆಯ ತಂಪಾದ ನಡುಕೋಣೆಯ ಬೀರುವಿನಲ್ಲಿವೆ. ಅಟ್ಟಕ್ಕೆ ಮಾತ್ರ ಇನ್ನು ಹೋಗುವುದಿಲ್ಲ. ಸ್ಕ್ಯಾನ್‌ನ ಪ್ರತಿಗಳು ಮೂರು ಕಡೆ ಇವೆ, ಒಂದು ಮಂಡ್ಯದಲ್ಲಿರುವ ಗೆಳೆಯನ ಮನೆಯಲ್ಲಿ.

ವಿನೆಗರ್ ವಾಸನೆಯ ಆರನೆಯ ರೀಲು ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿದೆ. ಸುತ್ತುಗಳು ಒಂದಕ್ಕೊಂದು ಅಂಟಿವೆ. ಹೊರಗಿನ ಕೆಲವು ಸುತ್ತು ತಾವಾಗಿ ಬಿಟ್ಟಿವೆ, ಒಳಗಿನವು ಇಲ್ಲ. ಬಲವಂತ ಮಾಡಿದರೆ ಚಿತ್ರದ ಪದರ ಎದ್ದು ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ. ಫೋಟೋ, ಅಳತೆ, ವಾಸನೆಯ ವಿವರ ಎಲ್ಲ ಬರೆದು ಪುಣೆಯ ಸಂಗ್ರಹಾಲಯಕ್ಕೆ ಕಳಿಸಲು ಪತ್ರ ತಯಾರು ಮಾಡುತ್ತಿದ್ದೇನೆ.

ಗೇಟಿನ ಎರಡನೇ ನಕ್ಷೆಯೂ ಸಿದ್ಧವಾಗಿದೆ. ಕಚ್ಚು ಬರುವ ಕಡೆಯ ಹಿತ್ತಾಳೆ ಹಳಿ ತೆಗೆದು ಅಲ್ಲಿ ಅಷ್ಟೇ ಸಣ್ಣ ಗಾಜಿನ ಪಟ್ಟಿ ಕೂರಿಸಬೇಕು, ಆಗ ಕ್ಯಾಮೆರಾಕ್ಕೆ ಕಚ್ಚು ಕಂಡು ಟೈಟಲ್ ತಾನಾಗಿ ನಿಲ್ಲುತ್ತದೆ. ಮಂಡಿ ಮೊಹಲ್ಲಾದ ಆ ಹಿರಿಯರು ನಕ್ಷೆ ನೋಡಿ, ಗಾಜನ್ನು ಯಾವತ್ತೂ ಕೂರಿಸಿಲ್ಲ, ಆದರೆ ಮಾಡಿ ನೋಡುತ್ತೇನೆ ಅಂದಿದ್ದಾರೆ. ದಸರಾ ಆರ್ಡರುಗಳು ಮುಗಿದ ಮೇಲೆ ಬರಲು ಹೇಳಿದ್ದಾರೆ.